ಹಾಸನದಲ್ಲಿ ಮಾಡಿಸಿದ 10 ಇಂಚಿನ ಬೀಡು ಕರಗಿಸೋ ಕುಲುಮೆ, 11 ಎರಕ ಆದ್ಮೇಲೆ ಬರೀತಿರೋದು

ಹೋದ ವರ್ಷ ಗೌರಿ ಹಬ್ಬ ಕಳೆದ ಮೇಲೆ ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿರೋ ಒಂದು ಫ್ಯಾಬ್ರಿಕೇಷನ್ ಶೆಡ್‌ನಲ್ಲಿ ಬೀಡು (ಎರಕದ ಕಬ್ಬಿಣ, ಕಾಸ್ಟ್ ಐರನ್) ಕರಗಿಸೋ ಚಿಕ್ಕ ಕುಲುಮೆ ಮಾಡಿಸ್ಕೊಂಡ್ವಿ, ಅದೇ ಕ್ಯೂಪೋಲಾ ಅಂತಾರಲ್ಲ ಅದು. ಇದುವರೆಗೆ 11 ಸಲ ಕರಗಿಸಿದೀವಿ. ಮೊದಲನೇ ಸಲ ಕೆಟ್ಟೋಯ್ತು, ಎರಡು ಸಲ ಸುಮಾರಾಗಿ ಬಂತು, ಉಳಿದ ಎಂಟರಲ್ಲೂ ಕಬ್ಬಿಣ ಚೆನ್ನಾಗೇ ಕರಗಿ ಬಂದಿದೆ. ಕೆಟ್ಟಿದ್ದು ಯಾಕೆ, ಅದನ್ನ ಅವ್ರು ಹೆಂಗೆ ಸರಿ ಮಾಡಿಕೊಟ್ರು ಅನ್ನೋದನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ನಾನು ಹುಡುಕುವಾಗ ನನಗೆ ಇಂಥ ವಿಷಯ ಕನ್ನಡದಲ್ಲಿ ಒಂದು ಕಡೆನೂ ಸಿಗ್ಲಿಲ್ಲ.

ನಮ್ದು ಚಿಕ್ಕಮಗಳೂರಲ್ಲಿ ರಿಪೇರಿ ಶಾಪು. ಅಪ್ಪನ ಕಾಲದಿಂದ ಕಾಫಿ ತೋಟದ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್ನು), ಪಂಪ್‌ಸೆಟ್, ಹಲ್ಲರ್ (ಒಣ ಬೀಜದ ಹೊಟ್ಟು ಬಿಡಿಸೋದು) ಇವೇ ಕೆಲ್ಸ. ಆಲ್ದೂರು, ಮೂಡಿಗೆರೆ, ಕೈಮರ ಕಡೆ ತೋಟಗಳಲ್ಲಿ ಇನ್ನೂ ನಲವತ್ತು ಐವತ್ತು ವರ್ಷದ ಡಿಸ್ಕ್ ಪಲ್ಪರ್‌ಗಳು ಓಡ್ತಿವೆ, ಬಾಡಿ ಎಲ್ಲಾ ಬೀಡು, ಇನ್ನೂ ಐವತ್ತು ವರ್ಷ ಬರ್ತವೆ. ಆದ್ರೆ ಗೇರ್ ಹಲ್ಲು ಮುರೀತು, ಬೇರಿಂಗ್ ಬ್ಲಾಕ್ ಸೀಳ್ತು ಅಂದ್ರೆ ಸ್ಪೇರ್ ಸಿಗಲ್ಲ. ಅರೇಬಿಕಾ ಹಣ್ಣು ಇವತ್ತು ಕೊಯ್ದಿದ್ದು ಇವತ್ತೇ ಪಲ್ಪ್ ಆಗ್ಬೇಕು, ರಾಶಿ ಹಾಕಿ ಬಿಟ್ರೆ ಬಿಸಿಯಾಗಿ ಹುಳಿ ಹಿಡಿಯಕ್ಕೆ ಶುರುವಾಗತ್ತೆ, ಅಂಥ ಹೊತ್ತಲ್ಲಿ ಡಿಸೆಂಬರ್ ತಿಂಗಳಲ್ಲಿ ಸಂಜೆ ಆರು ಗಂಟೆಗೆ ತೋಟದ ರೈಟರ್ (ಲೆಕ್ಕ ಬರೆಯೋರು) ಫೋನ್ ಮಾಡಿ ಗೇರ್ ಹೋಯ್ತು ಅಂದ್ರೆ ನಮಗೇ ಹೊಟ್ಟೆ ಕಲಸಿದಂಗೆ ಆಗತ್ತೆ. ಶಿವಮೊಗ್ಗ, ಬೆಳಗಾವಿ ಕಡೆ ಒಳ್ಳೊಳ್ಳೆ ಫೌಂಡ್ರಿ ಇದಾವೆ, ಕೆಲಸಾನೂ ಚೊಕ್ಕ, ಆದ್ರೆ ಅವ್ರು ಕರಗಿಸೋದು ಟನ್ ಲೆಕ್ಕದಲ್ಲಿ, ನಮ್ಮ ಒಂದು ಗೇರು ಎರಡು ಬ್ಲಾಕಿಗೆ ಅವ್ರು ಎರಡು ಮೂರು ವಾರ ಕಾಯಿ ಅಂತಾರೆ, ಅದು ಅವ್ರ ತಪ್ಪಲ್ಲ. ಇಷ್ಟು ದಿನ ಬಿಸಿ ಮಾಡಿ ನಿಕ್ಕಲ್ ರಾಡಲ್ಲಿ ವೆಲ್ಡ್ ಹೊಡೆದು ತಳ್ತಿದ್ವಿ. ಒಂದು ಸೀಸನ್ ಬರತ್ತೆ, ಮುಂದಿನ ಸೀಸನ್ ಪಕ್ಕದ ಹಲ್ಲು ಹೋಗತ್ತೆ.

ಅಲ್ಯೂಮಿನಿಯಂ, ಹಿತ್ತಾಳೆ ನಾವು ಮೊದ್ಲಿಂದಾನೂ ಕರಗಿಸ್ತಿದ್ವಿ. ವೇಸ್ಟ್ ಆಯಿಲ್ ಬರ್ನರ್ರು, ಗ್ರಾಫೈಟ್ ಮೂಸೆ (ಲೋಹ ಕರಗಿಸೋ ಪಾತ್ರೆ), ಅಷ್ಟೇ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗತ್ತೆ, ಹಿತ್ತಾಳೆ 900ರ ಮೇಲೆ, ಅಲ್ಲಿವರೆಗೆ ಕೈ ಕುದುರಿತ್ತು. ಬೀಡು ಕರಗೋಕೆ ಶುರುವಾಗೋದೇ 1150ರ ಹತ್ರ, ಅಚ್ಚು ತುಂಬ ನೀಟಾಗಿ ಹರೀಬೇಕು ಅಂದ್ರೆ 1350 ಬೇಕೇ ಬೇಕು. ಈ ಇನ್ನೂರು ಡಿಗ್ರಿಯಲ್ಲೇ ಎಲ್ಲಾ ಕಷ್ಟ ಇರೋದು. ನಮ್ಮ ಬರ್ನರಲ್ಲಿ ಒಂದ್ಸಲ ಪ್ರಯತ್ನ ಪಟ್ಟು ನೋಡಿದ್ವಿ, ಮೂರು ಗಂಟೆ ಉರಿಸಿದ್ರೂ ಕಬ್ಬಿಣ ಹಸಿಹಸಿಯಾಗೇ ಇತ್ತು, ಮೂಸೆ ಮಾತ್ರ ಸವೆದು ತೆಳ್ಳಗಾಯ್ತು. ಇಂಡಕ್ಷನ್ ಫರ್ನೇಸ್ ವಿಚಾರಿಸಿದ್ವಿ, ಆ ರೇಟೂ ನಮಗಲ್ಲ, ಅದಕ್ಕೆ ಬೇಕಾದ ಕರೆಂಟ್ ಲೋಡೂ ನಮ್ಮ ಬೀದಿಗೆ ಬರಲ್ಲ.

ಈ ಶೆಡ್‌ನ ತೋರಿಸಿದ್ದು ಹಾಸನದಲ್ಲಿ ಲೇತ್ ಕೆಲ್ಸ ಮಾಡೋ ನಮ್ಮ ಭಾವ. ಹೊರಗಡೆ ಬೋರ್ಡ್ ಕೂಡ ಇಲ್ಲ, ಗೇಟ್ ಗ್ರಿಲ್, ಬೆಲ್ಲದ ಗಾಣದ ಒಲೆ ಬಾಗಿಲು, ಬಾಯ್ಲರ್ ರಿಪೇರಿ ಎಲ್ಲಾ ಮಾಡ್ತಾರೆ. ಮೇಸ್ತ್ರಿಗೆ ಎಪ್ಪತ್ತರ ಹತ್ರ ವಯಸ್ಸು, ಚಿಕ್ಕಂದಿನಲ್ಲಿ ಫೌಂಡ್ರಿಯಲ್ಲಿ ಕ್ಯೂಪೋಲಾ ಮೇಲೆ ಚಾರ್ಜ್, ಅಂದ್ರೆ ಕಬ್ಬಿಣ ಮತ್ತೆ ಉರುವಲು, ಹಾಕ್ತಿದ್ದೋರಂತೆ. ನಾನು ಒಂದಷ್ಟು ಫೋಟೋ, ಡ್ರಾಯಿಂಗ್ ಎಲ್ಲಾ ಮೊಬೈಲಲ್ಲಿ ತಗೊಂಡು ಹೋಗಿದ್ದೆ. ಅವ್ರು ಅದನ್ನ ನೋಡೋಕೂ ಹೋಗ್ಲಿಲ್ಲ. "ಅದಿರ್ಲಿ ಕಣಪ್ಪ, ಒಂದ್ ಸಲಕ್ಕೆ ಎಷ್ಟ್ ಕಬ್ಬಿಣ ಬೇಕು ನಿಂಗೆ, ಅದ್ ಹೇಳು ಮೊದ್ಲು" ಅಂದ್ರು. ನಾನು ಐವತ್ತು ಅಂದೆ. "ಐವತ್ತು ಹೆಂಗ್ ಬಂತು" ಅಂದ್ರು. ನನ್ನ ಹತ್ರ ಲೆಕ್ಕ ಇರ್ಲಿಲ್ಲ. ಅಲ್ಲೇ ಕೂರಿಸಿ ದೊಡ್ಡ ಗೇರ್ ಎಷ್ಟು ತೂಕ, ಅದಕ್ಕೆ ಹರಿಯೋ ದಾರಿಗೆ, ಅಚ್ಚು ಆರುವಾಗ ಕಬ್ಬಿಣ ಒದಗಿಸೋ ರೈಸರ್‌ಗೆ ಎಷ್ಟು ಜಾಸ್ತಿ ಬೇಕು, ಒಂದ್ ದಿನಕ್ಕೆ ಎಷ್ಟು ಅಚ್ಚು ಇಡ್ತೀಯ ಅಂತ ಒಂದೊಂದೇ ಕೇಳಿ ಕೊನೆಗೆ ಒಂದು ಸೌಟಿಗೆ (ಕರಗಿದ ಕಬ್ಬಿಣ ಹಿಡಿದು ಅಚ್ಚಿಗೆ ಹೊಯ್ಯೋ ಪಾತ್ರೆ) 25 ಕೆಜಿ, ದಿನಕ್ಕೆ ಐದಾರು ಸೌಟು ಅಂತ ನಿಲ್ಲಿಸಿದ್ರು. ಹತ್ತು ಹದಿನೈದು ಕೆಜಿ ಸಾಕು ಅಂದಿದ್ರೆ ಮೂಸೆ ಕುಲುಮೆನೇ ಮಾಡ್ಕೊಡ್ತಿದ್ದೆ, ಅದು ನಿಂಗೆ ಅಗ್ಗ ಆಯ್ತಿತ್ತು ಅಂತಾನೂ ಅಂದ್ರು. ವ್ಯಾಪಾರ ಮಾಡೋರು ಹಂಗೆ ಹೇಳೋದು ಕಮ್ಮಿ, ನನಗೆ ನಂಬಿಕೆ ಬಂದಿದ್ದು ಅಲ್ಲೇ.

ಆ 25 ಕೆಜಿ ಇಂದಾನೇ ಇಡೀ ಕುಲುಮೆಯ ಅಳತೆ ಹುಟ್ಟಿದ್ದು ನೋಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ರು. ಒಳಗಿನ ಅಗಲ 10 ಇಂಚು. ತಳದಿಂದ ಕಿಟ್ಟ (ಕರಗಿದ ಕಸ, ಸ್ಲ್ಯಾಗ್) ಬಿಡೋ ತೂತಿನವರೆಗೆ 6 ಇಂಚು, ಕರಗಿದ ಕಬ್ಬಿಣ ನಿಲ್ಲೋದು ಇಲ್ಲೇ. ಅಷ್ಟು ಜಾಗದಲ್ಲಿ ಏಳೂವರೆ ಲೀಟರ್ ಹಿಡಿಯುತ್ತೆ, ಅದ್ರಲ್ಲಿ ಅರ್ಧ ಕೋಕೇ (ಕಲ್ಲಿದ್ದಲಿಂದ ಮಾಡಿದ ಉರುವಲು) ತುಂಬಿರತ್ತೆ, ಉಳಿದ ಅರ್ಧದಲ್ಲಿ ಕಬ್ಬಿಣ, ಲೀಟರಿಗೆ ಹತ್ತಿರ ಹತ್ತಿರ 7 ಕೆಜಿ, ಅಲ್ಲಿಗೆ ಒಂದು ಸೌಟು ಆಯ್ತು. ಕಿಟ್ಟ ಕಬ್ಬಿಣದ ಮೇಲೆ ತೇಲತ್ತೆ, ಆ ತೂತಿಂದ ಕಿಟ್ಟ ಇಣುಕಿದ್ರೆ ಕೆಳಗೆ ಸೌಟು ತುಂಬಿದೆ ಅಂತ ಅರ್ಥ, ಮುಂಭಾಗದಲ್ಲಿ ಕಬ್ಬಿಣ ಬಿಡೋ ಬಾಯಿಗೆ ಮೆತ್ತಿದ ಮಣ್ಣು ಕುಟ್ಟಿ ತೆಗೀಬೋದು. ಅದಕ್ಕಿಂತ ಎರಡೂವರೆ ಇಂಚು ಮೇಲೆ ಸುತ್ತಲೂ ನಾಲ್ಕು ಗಾಳಿ ಕೊಳವೆ. ಅಲ್ಲಿಂದ ಮೇಲಕ್ಕೆ ಚಾರ್ಜ್ ಹಾಕೋ ಬಾಗಿಲವರೆಗೆ ಐದು ಅಡಿ. ಇಷ್ಟೆತ್ತರ ಯಾಕೆ ಅಂದ್ರೆ ಮೇಲಿಂದ ಇಳಿಯೋ ಕಬ್ಬಿಣದ ತುಂಡು ಕೆಳಗಿಂದ ಬರೋ ಬಿಸಿ ಗಾಳಿಯಲ್ಲಿ ಕಾಯ್ತಾ ಕಾಯ್ತಾ ಬರ್ಬೇಕು, ಕರಗೋ ಜಾಗಕ್ಕೆ ಬರೋಷ್ಟೊತ್ತಿಗೆ ಕೆಂಪಗಾಗಿರ್ಬೇಕು. ಹೊರಗಿನ ಶೆಲ್ 16 ಇಂಚು, 5 ಎಂಎಂ ಶೀಟು, ಮಧ್ಯೆ ಮೂರು ಇಂಚು, ಬೆಂಕಿ ತಡೆಯೋ ಒಳಪದರ ಅಂದ್ರೆ ಲೈನಿಂಗಿಗೆ ಬಿಟ್ಟಿದ್ದು. ತಳಕ್ಕೆ ಎರಡು ರೆಕ್ಕೆ ಬಾಗಿಲು, ಕೆಳಗೊಂದು ಊರುಗೋಲು, ಕೆಲ್ಸ ಮುಗಿದ ಮೇಲೆ ದೂರ ನಿಂತು ಆ ಊರುಗೋಲು ಎಳೆದ್ರೆ ಒಳಗೆ ಉಳಿದಿದ್ದೆಲ್ಲಾ ಒಣ ಮರಳಿನ ಮೇಲೆ ಬೀಳತ್ತೆ.

ಹೇಳಿದ ದಿನಕ್ಕಿಂತ ಹತ್ತು ದಿನ ಲೇಟಾಗಿ ಕೊಟ್ರು, ಮುಂಚೇನೇ ಫೋನ್ ಮಾಡಿ ಹೇಳಿದ್ರು ಅದಕ್ಕೆ ಬೇಜಾರಿಲ್ಲ. ವೆಲ್ಡಿಂಗ್ ಬಗ್ಗೆ ಎರಡು ಮಾತಿಲ್ಲ.

ಲೈನಿಂಗ್ ಅವ್ರು ಮಾಡಲ್ಲ, ಬರೀ ಶೆಲ್ ಕೊಡ್ತಾರೆ, ಇದನ್ನ ಆರ್ಡರ್ ಕೊಡೋರು ಮೊದ್ಲೇ ತಿಳ್ಕೊಂಡಿರಿ. 10 ಇಂಚಿನ ಒಳಸುತ್ತಿಗೆ ಫೈರ್ ಬ್ರಿಕ್ ಸರಿಯಾಗಿ ಕೂರಲ್ಲ, ಸಂದು ಜಾಸ್ತಿ ಬರತ್ತೆ, ಆ ಸಂದಲ್ಲೇ ಕಿಟ್ಟ ತಿನ್ನಕ್ಕೆ ಶುರುಮಾಡತ್ತೆ. ಮೇಸ್ತ್ರಿ ಹೇಳಿದಂಗೆ ಹಳೇ ಫೈರ್ ಬ್ರಿಕ್ ಕುಟ್ಟಿ ಪುಡಿ ಮಾಡಿ ಫೈರ್ ಕ್ಲೇ ಜೊತೆ ಕಲಸಿ, ಮಧ್ಯೆ ಶೀಟಿನ ಡಬ್ಬ ನಿಲ್ಲಿಸಿ ಸುತ್ತ ಕುಟ್ಟಿ ಕುಟ್ಟಿ ತುಂಬಿದ್ವಿ. ನೀರು ಆದಷ್ಟು ಕಮ್ಮಿ, ಮುಷ್ಟಿ ಕಟ್ಟಿದ್ರೆ ಉಂಡೆ ನಿಲ್ಲಬೇಕು ಕೈಗೆ ಮೆತ್ತಬಾರ್ದು. ಒಣಗಿಸೋದೇ ನಮ್ಮೂರಲ್ಲಿ ದೊಡ್ಡ ತಲೆನೋವು. ನವೆಂಬರಲ್ಲೂ ಬೆಳಿಗ್ಗೆ ಹತ್ತರವರೆಗೆ ಮಂಜು, ಗೋಡೆ ಒದ್ದೆ. ಮೂರು ದಿನ ಒಳಗೆ ಬಲ್ಬ್ ಇಳಿಬಿಟ್ಟು, ಆಮೇಲೆ ಐದು ದಿನ ಸಣ್ಣ ಸೌದೆ ಬೆಂಕಿ ಹಾಕಿದ್ವಿ. ಅವಸರ ಮಾಡಿ ಜೋರು ಬೆಂಕಿ ಕೊಟ್ರೆ ಒಳಗಿನ ನೀರು ಹಬೆಯಾಗಿ ಲೈನಿಂಗ್ ಚಕ್ಕೆ ಚಕ್ಕೆ ಎದ್ದೋಗತ್ತೆ. ಕೆಲವ್ರು ಬಿಳೀ ಸೆರಾಮಿಕ್ ಬ್ಲಾಂಕೆಟ್ ಸುತ್ತಿದ್ರೆ ಸಾಕಲ್ವಾ ಅಂತ ಕೇಳಿದ್ರು. ಅಲ್ಯೂಮಿನಿಯಂ ಕುಲುಮೆಗೆ ಅದು ಚೆನ್ನಾಗಿದೆ, ನಾವೂ ಹಾಕಿದೀವಿ. ಇಲ್ಲಿ ಕಬ್ಬಿಣ, ಸುಣ್ಣ, ಕಿಟ್ಟ ಮುಟ್ಟೋ ಜಾಗದಲ್ಲಿ ಅದು ಒಂದು ಎರಕಕ್ಕೂ ನಿಲ್ಲಲ್ಲ. ಈಗಲೂ ಪ್ರತಿ ಎರಕ ಆದ್ಮೇಲೆ ಗಾಳಿ ಕೊಳವೆಯ ಮೇಲಿನ ಒಂದಡಿ ಜಾಗದಲ್ಲಿ ಮುಕ್ಕಾಲು ಇಂಚು, ಒಂದಿಂಚು ತಿಂದಿರತ್ತೆ, ಕೆರೆದು ಮತ್ತೆ ಮೆತ್ತಬೇಕು. ಇದು ಕುಲುಮೆಯ ದೋಷ ಅಲ್ಲ, ಎಲ್ಲಾ ಕ್ಯೂಪೋಲಾನೂ ಹಿಂಗೇ.

ಈಗ ಮೊದಲನೇ ಎರಕದ ಕತೆ. ಬೆಳಿಗ್ಗೆ ಏಳಕ್ಕೆ ಸೌದೆ ಹಚ್ಚಿ ಮೇಲೆ ಕೋಕ್ ಸುರಿದು ಎರಡು ಗಂಟೆ ತಾನಾಗೇ ಹತ್ಕೊಳ್ಳಕ್ಕೆ ಬಿಟ್ವಿ, ಕೊಳವೆಯಿಂದ ಇಪ್ಪತ್ತು ಇಂಚು ಮೇಲಿನವರೆಗೆ ಕೋಕಿನ ಹಾಸಿಗೆ ಕೂರಿಸಿ ಮೇಲೆ ಹತ್ತು ಕೆಜಿ ಬೀಡು, ಎರಡು ಕೆಜಿ ಕೋಕು, ಅರ್ಧ ಕೆಜಿ ಸುಣ್ಣದ ಕಲ್ಲು, ಮತ್ತೆ ಬೀಡು ಹಿಂಗೆ ಸರದಿ ಮೇಲೆ ಬಾಗಿಲ ತನಕ ತುಂಬಿ ಬ್ಲೋವರ್ ಹಾಕಿದ್ವಿ. ಸರಿಯಾಗಿದ್ರೆ ಏಳೆಂಟು ನಿಮಿಷಕ್ಕೆ ಕೊಳವೆಯ ಗಾಜಿನ ಕಿಂಡಿಯಲ್ಲಿ ಕಬ್ಬಿಣ ಹನಿ ಹನಿ ಬೀಳೋದು ಕಾಣ್ಬೇಕು. ಹದಿನೈದು ನಿಮಿಷ ಆದ್ರೂ ಇಲ್ಲ. ಒಳಗೆ ಬಿಳೀ ಬೆಳಕಿರ್ಬೇಕಾದ ಕಡೆ ಕಿತ್ತಳೆ ಬಣ್ಣ. ಇಪ್ಪತ್ತೈದು ನಿಮಿಷಕ್ಕೆ ಬಾಯಿ ತೆಗೆದ್ರೆ ರಾಗಿ ಅಂಬಲಿ ಥರ ಮಂದವಾಗಿ ಬಂದು ದೋಣಿಯಲ್ಲೇ ಗಟ್ಟಿಯಾಯ್ತು. ನಾಲ್ಕು ಅಚ್ಚು ಮಾಡಿಟ್ಟಿದ್ದೆ, ಎರಡು ರಾತ್ರಿ ಕೂತು, ಒಂದಕ್ಕೂ ಹೊಯ್ಯಕ್ಕಾಗ್ಲಿಲ್ಲ. ತಳ ಬಿಚ್ಚಿ ಎಲ್ಲಾ ಕೆಡವಿ ಸುಮ್ನೆ ಕೂತ್ಕೊಂಡ್ವಿ. ಅಪ್ಪ ಒಂದು ಮಾತೂ ಆಡ್ಲಿಲ್ಲ ಅವತ್ತು.

ಫೋನ್ ಮಾಡಿದೆ. ಮೇಸ್ತ್ರಿ ಕೋಕ್ ಸರಿ ಇಲ್ಲ, ನೀವು ಮಾಡಿದ್ದು ಸರಿ ಇಲ್ಲ ಅಂತ ಏನೂ ಅನ್ನಲಿಲ್ಲ, ಭಾನುವಾರ ಬೇಲೂರು ಮೇಲೆ ಬಸ್ಸಲ್ಲಿ ಬಂದ್ರು, ಕೈಯಲ್ಲೊಂದು ಚೀಲ, ಅದ್ರೊಳಗೆ ಗಾರೆ ಕೆಲ್ಸದೋರು ಲೆವೆಲ್ ನೋಡೋ ಪ್ಲಾಸ್ಟಿಕ್ ಟ್ಯೂಬು. ಅದಕ್ಕೆ ನೀರು ಹಾಕಿ ಯು ಆಕಾರ ಮಾಡಿ ಒಂದು ತುದಿ ಗಾಳಿ ಪೆಟ್ಟಿಗೆಗೆ (ಬ್ಲೋವರ್ ಗಾಳಿಯನ್ನ ಕೊಳವೆಗಳಿಗೆ ಹಂಚೋದು) ಸಿಕ್ಸಿ ಬ್ಲೋವರ್ ಹಾಕ್ಸಿದ್ರು. ಗಾಳಿಯ ಒತ್ತಡ ಜಾಸ್ತಿ ಇದ್ದಷ್ಟೂ ಎರಡೂ ಕಡೆ ನೀರಿನ ಮಟ್ಟದ ವ್ಯತ್ಯಾಸ ಜಾಸ್ತಿ, ನಮ್ದು ಮೂರೇ ಇಂಚು. ಇಂಥ ಕುಲುಮೆಗೆ ಹತ್ತು ಇಂಚಾದ್ರೂ ಬೇಕಂತೆ. ಕಮ್ಮಾರರ ಕುಲುಮೆಗೆ ಹಾಕೋ ಬ್ಲೋವರನ್ನೇ ಹಾಕ್ಬಿಟ್ಟಿದ್ರು, ಜೊತೆಗೆ ಗಾಳಿ ಕೊಳವೆನೂ ಒಂದೂಕಾಲು ಇಂಚಿನ ಪೈಪು. "ಇದು ನನ್ ತಪ್ಪು, ಹುಡುಗ್ರು ಇದ್ದಿದ್ ಪೈಪ್ ಹಾಕವ್ರೆ, ನಾನ್ ನೋಡ್ಬೇಕಾಗಿತ್ತು" ಅಂದ್ರು. ಆ ಮಾತು ನನಗೆ ಈಗಲೂ ಕಿವಿಯಲ್ಲಿದೆ.

ಆಮೇಲೆ ಕೂತು ಹೇಳಿದ್ದನ್ನ ನಿಮಗೂ ಹೇಳ್ತೀನಿ, ಇದು ಗೊತ್ತಿದ್ರೆ ಯಾವ ಕುಲುಮೆ ನೋಡಿದ್ರೂ ಅಂದಾಜು ಸಿಗತ್ತೆ. ಒಂದು ಕೆಜಿ ಇಂಗಾಲ ಪೂರ್ತಿ ಉರಿಯಕ್ಕೆ ಹನ್ನೊಂದು ಕೆಜಿಗಿಂತ ಜಾಸ್ತಿ ಗಾಳಿ ಬೇಕು, ಅಂದ್ರೆ ಸುಮಾರು 9 ಘನ ಮೀಟರ್. ನಾವು ಒಂದು ಕೆಜಿ ಕೋಕಿಗೆ ಐದು ಕೆಜಿ ಬೀಡು ಹಾಕ್ತೀವಿ. ಅಲ್ಲಿಗೆ ಕುಲುಮೆಯೊಳಗೆ ಹೋಗೋದ್ರಲ್ಲಿ ತೂಕಕ್ಕೆ ಇಟ್ರೆ ಎಲ್ಲಕ್ಕಿಂತ ಜಾಸ್ತಿ ಗಾಳಿನೇ, ಕಬ್ಬಿಣ ಅದರ ಅರ್ಧ. ನಾವು ಕಬ್ಬಿಣ ತೂಗ್ತೀವಿ, ಕೋಕ್ ತೂಗ್ತೀವಿ, ಗಾಳಿ ತೂಗಲ್ಲ. ಗಂಟೆಗೆ 180 ಕೆಜಿ ಇಳಿಸ್ಬೇಕು ಅಂದ್ರೆ ಗಂಟೆಗೆ 36 ಕೆಜಿ ಕೋಕ್ ಉರೀಬೇಕು, ಅದಕ್ಕೆ 300 ಘನ ಮೀಟರ್ ಮೇಲೆ ಗಾಳಿ, ಅದೂ ಐದಡಿ ಕೋಕು ಕಬ್ಬಿಣದ ರಾಶಿ ತೂರ್ಕೊಂಡು ಹೋಗ್ಬೇಕು, ಫ್ಯಾನ್ ಗಾಳಿ ಥರ ಮುಖಕ್ಕೆ ಬೀಸಿದ್ರೆ ಆಗಲ್ಲ. ಬ್ಲೋವರ್ ತಿರುಗ್ತಾ ಶಬ್ದ ಬಂದ ಮಾತ್ರಕ್ಕೆ ಗಾಳಿ ಒಳಗೆ ಹೋಗ್ತಿದೆ ಅಂತಲ್ಲ.

ಆ ನಾಲ್ಕೂ ಪೈಪ್ ಕತ್ತರಿಸಿ ಎರಡು ಇಂಚಿಂದು ಕೂರಿಸಿದ್ರು. ಬ್ಲೋವರ್ ಬದಲು 1 ಎಚ್‌ಪಿ, 2880 ಆರ್‌ಪಿಎಂ ಮೋಟರಿಂದು ಹಾಕಿದ್ರು. ಪೈಪ್ ಕೆಲ್ಸಕ್ಕೆ ದುಡ್ಡು ತಗೊಳ್ಲಿಲ್ಲ, ಬಸ್ ಚಾರ್ಜ್ ಕೊಟ್ರೂ ಬೇಡ ಅಂದ್ರು, ಬ್ಲೋವರ್ ರೇಟಿನ ವ್ಯತ್ಯಾಸ ಆರು ಸಾವಿರ ಮಾತ್ರ ಕೊಟ್ವಿ. ನೀರಿನ ಟ್ಯೂಬಲ್ಲಿ ಹನ್ನೊಂದು ಇಂಚು ತೋರಿಸ್ತು. ಆ ಟ್ಯೂಬನ್ನ ಅಲ್ಲೇ ಬಿಟ್ಟು ಹೋದ್ರು, ಈಗ ಗೋಡೆಗೆ ಹೊಡೆದಿದೀವಿ, ಎರಕದ ದಿನ ಅದನ್ನೇ ನೋಡ್ತಿರ್ತೀವಿ. ನೀರಿನ ವ್ಯತ್ಯಾಸ ಒಂದೇ ಸಮ ಏರ್ತಾ ಹೋದ್ರೆ ಒಳಗೆ ಎಲ್ಲೋ ಕಿಟ್ಟ ಕಟ್ಕೊಳ್ತಿದೆ ಅಂತ ಗೊತ್ತಾಗತ್ತೆ.

ಎರಡನೇ ಎರಕ, ಏಳನೇ ನಿಮಿಷಕ್ಕೆ ಕಿಂಡಿಯಲ್ಲಿ ಮೊದಲನೇ ಹನಿ. ಬೆಳ್ಳಗೆ, ಮಳೆ ನಿಂತ ಮೇಲೆ ಹೆಂಚಿನ ತುದಿಯಿಂದ ಬೀಳೋ ಥರ ಒಂದೊಂದೇ, ಆಮೇಲೆ ಬಿಡದಂಗೆ. ಅಪ್ಪ ಕಿಂಡಿ ಬಿಟ್ಟು ಏಳ್ಲೇ ಇಲ್ಲ. ಬಾಯಿ ತೆಗೆದಾಗ ನೀರಿನಂಗೆ ಹರೀತು.

ಆದ್ರೆ ಆ ದಿನದ ಬೇರಿಂಗ್ ಬ್ಲಾಕ್‌ಗೆ ಡ್ರಿಲ್ ಇಳೀಲಿಲ್ಲ. ಒಡೆದು ನೋಡಿದ್ರೆ ಒಳಗೆ ಬೆಳ್ಳಗೆ ಹೊಳೀತಿತ್ತು, ಬೂದು ಬಣ್ಣ ಇಲ್ಲ. ತೆಳ್ಳಗಿನ ಪೀಸ್ ಬೇಗ ಆರಿದ್ರೆ ಇಂಗಾಲ ಗ್ರಾಫೈಟಾಗಿ ಬಿಡಿಸ್ಕೊಳ್ಳಕ್ಕೆ ಟೈಮ್ ಸಿಗಲ್ಲ, ಗಾಜಿನ ಥರ ಗಟ್ಟಿಯಾಗತ್ತೆ. ಇದು ಕುಲುಮೆ ಮಾಡಿದೋರ ತಪ್ಪಲ್ಲ, ಮದ್ದು ಮಾತ್ರ ಅವ್ರೇ ಹೇಳಿದ್ದು: 25 ಕೆಜಿ ಸೌಟಿಗೆ 60 ರಿಂದ 70 ಗ್ರಾಂ ಫೆರೋಸಿಲಿಕಾನ್ (ಕಬ್ಬಿಣ ಸಿಲಿಕಾನ್ ಬೆರೆತದ್ದು) ಪುಡಿ, ಕಬ್ಬಿಣ ಸೌಟಿಗೆ ಬೀಳ್ತಿರುವಾಗ್ಲೇ ಹಾಕಿ ತಡ ಮಾಡದೆ ಹೊಯ್ದುಬಿಡ್ಬೇಕು. ಮೊದ್ಲು ಬೆಣೆ ಆಕಾರದ ಚಿಕ್ಕ ಪೀಸ್ ಹೊಯ್ದು ಒಡೆದು ನೋಡ್ತೀವಿ, ಚೂಪು ತುದಿಯಲ್ಲಿ ಒಂಚೂರು ಬಿಳಿ ಬಿಟ್ರೆ ಉಳಿದಿದ್ದೆಲ್ಲಾ ಬೂದು ಬಂದ್ರೆ ಸರಿ. ಗುಜರಿಯಲ್ಲೂ ಆಯ್ಕೆ ಮಾಡಿ, ಬ್ರೇಕ್ ಡ್ರಮ್ಮು, ಹಳೇ ಎಂಜಿನ್ ಬ್ಲಾಕು ಚೆನ್ನಾಗಿರತ್ತೆ, ಮೂರು ಇಂಚಿಗಿಂತ ದೊಡ್ಡ ತುಂಡು ಹಾಕಬೇಡಿ, ಅಡ್ಡ ಸಿಕ್ಕೊಳತ್ತೆ. ಉಕ್ಕಿನ ತುಂಡು ಬೇಡವೇ ಬೇಡ. ಪ್ಯಾಟರ್ನ್ (ಮರಳಲ್ಲಿ ಅಚ್ಚು ಎತ್ತೋ ಮಾದರಿ) ಮಾಡುವಾಗ ಅಡಿಗೆ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ದೊಡ್ಡದು ಮಾಡಿ, ಬೀಡು ಆರಿದಾಗ ನೂರಕ್ಕೆ ಒಂದರಷ್ಟು ಕುಗ್ಗತ್ತೆ.

ಕೋಕ್ ನಮ್ಮೂರಲ್ಲಿ ಸಿಗಲ್ಲ, ಶಿವಮೊಗ್ಗದ ಫೌಂಡ್ರಿಯೋರ ಹತ್ರ ಕೇಳಿ ಮೂಟೆ ಲೆಕ್ಕದಲ್ಲಿ ತರ್ತೀವಿ. ಅದು ಮುಷ್ಟಿಗಿಂತ ದೊಡ್ಡದಿರತ್ತೆ, 10 ಇಂಚಿನ ಕುಲುಮೆಗೆ ಒಂದೂವರೆ ಇಂಚಿಗೆ ಒಡ್ಕೋಬೇಕು, ಪುಡಿ ಜರಡಿ ಹಿಡಿದು ತೆಗೀಬೇಕು, ಪುಡಿ ಗಾಳಿಗೆ ಅಡ್ಡ. ಇದ್ದಿಲಲ್ಲಿ ಆಗಲ್ವಾ, ಭದ್ರಾವತಿಯಲ್ಲಿ ಇದ್ದಿಲಲ್ಲೇ ತಾನೇ ಮಾಡ್ತಿದ್ದಿದ್ದು ಅಂತ ತೋಟದ ಯಜಮಾನ್ರೊಬ್ರು ಕೇಳಿದ್ರು. ಹೌದು, 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರುವಾದಾಗ ಮಲೆನಾಡಿನ ಕಾಡಿನ ಇದ್ದಿಲು, ನಮ್ಮ ಕೆಮ್ಮಣ್ಣುಗುಂಡಿಯ ಅದಿರು. ಅದು ಅದಿರಿಂದ ಕಬ್ಬಿಣ ಬಿಡಿಸೋ ಬ್ಲಾಸ್ಟ್ ಫರ್ನೇಸು. ನಮ್ದು ಆಗಲೇ ಇರೋ ಬೀಡನ್ನ ಮತ್ತೆ ಕರಗಿಸೋದು ಅಷ್ಟೇ, ಇದಕ್ಕೆ ಅದಿರು ಹಾಕಿದ್ರೆ ಕಿಟ್ಟ ಬಿಟ್ಟು ಬೇರೇನೂ ಬರಲ್ಲ. ಇದ್ದಿಲು ಒಂದ್ಸಲ ಹಾಕಿ ನೋಡಿದ್ವಿ, ಮೇಲಿನ ಭಾರಕ್ಕೆ ಪುಡಿಯಾಗತ್ತೆ, ಬೇಗ ಉರಿದೋಗತ್ತೆ, ಹಾಸಿಗೆ ಕುಸೀತಾನೇ ಇರತ್ತೆ. ಸುಮಾರಾಗಿ ಬಂತು ಅಂದ್ನಲ್ಲ, ಅದ್ರಲ್ಲಿ ಒಂದು ಅದೇ. ಇನ್ನೊಂದು ಮಳೆಗಾಲದಲ್ಲಿ ಒದ್ದೆ ಕೋಕ್ ಹಾಕಿದ್ದು, ಶಾಖ ಎಲ್ಲಾ ನೀರು ಆರಿಸಕ್ಕೇ ಹೋಯ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈಗ ನಾವು ಕುಲುಮೆ ಹಚ್ಚಲ್ಲ.

ಅವ್ರ ಕೆಲಸದಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಗಾಳಿ ಪೈಪಿನ ಮಧ್ಯೆ ಇಟ್ಟಿರೋ ಒಂದು ತಗಡಿನ ಮುಚ್ಚಳ. ನಾನು ಕೇಳಿರ್ಲಿಲ್ಲ, ಡ್ರಾಯಿಂಗಲ್ಲೂ ಇರ್ಲಿಲ್ಲ. ಕರೆಂಟ್ ಹೋಗಿ ಬ್ಲೋವರ್ ನಿಂತ್ರೆ ಒಳಗಿನ ಕಾರ್ಬನ್ ಮೊನಾಕ್ಸೈಡ್ ಹಿಂದಕ್ಕೆ ಹರಿದು ಗಾಳಿ ಪೆಟ್ಟಿಗೆಯಲ್ಲಿ ತುಂಬತ್ತೆ, ಕರೆಂಟ್ ಬಂದು ಬ್ಲೋವರ್ ತಿರುಗಿದ ಕೂಡ್ಲೇ ಗಾಳಿ ಜೊತೆ ಬೆರೆತು ಪೆಟ್ಟಿಗೆನೇ ಸಿಡೀಬಹುದು. ಈ ಮುಚ್ಚಳ ಗಾಳಿ ನಿಂತ ತಕ್ಷಣ ತಾನೇ ಬೀಳತ್ತೆ. ಅದ್ರ ಮೇಲೂ ನಂಬ್ಕೊಂಡು ಕೂರ್ಬೇಡ, ಬ್ಲೋವರ್ ನಿಂತ್ರೆ ನಾಲ್ಕೂ ಕಿಂಡಿ ತೆಗೆದುಬಿಡು ಅಂತ ಮೂರು ಸಲ ಹೇಳಿದ್ರು. ನಮ್ಮಲ್ಲಿ ಕರೆಂಟ್ ಗೊತ್ತಲ್ಲ, ಐದನೇ ಎರಕದಲ್ಲಿ ಮಧ್ಯದಲ್ಲೇ ಹೋಯ್ತು, ಕಿಂಡಿ ತೆಗೆದು ಜನರೇಟರ್ ಹಾಕಿ ಮುಂದುವರಿಸಿದ್ವಿ, ಏನೂ ಆಗ್ಲಿಲ್ಲ. ಆ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ದಯವಿಟ್ಟು ಯಾರೂ ಮುಚ್ಚಿದ ಶೆಡ್ ಒಳಗೆ ಇದನ್ನ ಹಚ್ಚಬೇಡಿ. ನೆಲದ ಮೇಲೆ ಒಣ ಮರಳು ಹಾಕಿ, ಬರೀ ಕಾಂಕ್ರೀಟ್ ಮೇಲೆ ಕರಗಿದ ಕಬ್ಬಿಣ ಬಿದ್ರೆ ಒಳಗಿನ ತೇವ ಹಬೆಯಾಗಿ ಸಿಡಿಯತ್ತೆ. ಸೌಟು ಕೂಡ ಕೆಂಪಗೆ ಕಾಯಿಸಿಯೇ ಹಿಡೀಬೇಕು. ಪಾಲಿಯೆಸ್ಟರ್ ಬಟ್ಟೆ ಹಾಕ್ಕೊಂಡು ಹತ್ರ ಬರ್ಬೇಡಿ, ಮೈಗೆ ಅಂಟತ್ತೆ.

ಇಷ್ಟವಾಗದೇ ಇರೋದು ಎರಡಿದೆ. ಕಿಟ್ಟದ ದೋಣಿ ಚಿಕ್ಕದು, ಬಿಸಿ ಕಿಟ್ಟ ತಳದ ಬಾಗಿಲಿನ ಹಿಂಜ್ ಮೇಲೇ ತೊಟ್ಟಿಕ್ಕಿ ಮೂರು ಸಲ ಬಾಗಿಲು ಅಂಟ್ಕೊಳ್ತು, ಅದು ಬಿಡಿಸ್ಕೊಳ್ಳದೆ ಇದ್ರೆ ಅಪಾಯ, ನಾವೇ ಮುಂದಕ್ಕೆ ಒಂದು ತಗಡು ವೆಲ್ಡ್ ಮಾಡ್ಕೊಂಡಿದೀವಿ. ಮತ್ತೆ ಅಳತೆ ಬರೆದ ಒಂದು ಕಾಗದ ಕೊಡಲ್ಲ, ಎಲ್ಲಾ ಮೇಸ್ತ್ರಿ ತಲೇಲೇ ಇರತ್ತೆ. ಅವ್ರ ಶೆಡ್ಡಿನ ಹುಡುಗ್ರಿಗೆ ವೆಲ್ಡಿಂಗ್ ಬರತ್ತೆ, ಗಾಳಿ ಲೆಕ್ಕ ಬರಲ್ಲ, ಮೊದಲನೇ ಎರಕ ಕೆಟ್ಟಿದ್ದೂ ಅದಕ್ಕೇ. ಒಂದು ನೋಟ್ ಬುಕ್ಕಲ್ಲಿ ಬರೆದಿಡಿ ಅಣ್ಣಾ ಅಂತ ನಾನು ಎರಡು ಸಲ ಕೇಳ್ಕೊಂಡೆ.

ಶೆಲ್ಲು, ಗಾಳಿ ಪೆಟ್ಟಿಗೆ, ಸ್ಟ್ಯಾಂಡು, ಬಾಗಿಲು, ಬ್ಲೋವರ್ ಎಲ್ಲಾ ಸೇರಿ 92 ಸಾವಿರ ಆಯ್ತು, ಆಮೇಲೆ ಕೊಟ್ಟ ಆರು ಸಾವಿರ ಬೇರೆ. ಲೈನಿಂಗಿಗೆ ಹದಿನಾಲ್ಕು, ಸಾಗಿಸಿದ್ದು ನಾಲ್ಕು ಸಾವಿರ. ಜನವರಿಯಲ್ಲಿ ಹೊಯ್ದ 11 ಕೆಜಿಯ ಗೇರ್ ಆಲ್ದೂರು ಕಡೆ ಒಂದು ತೋಟದಲ್ಲಿ ಈಗ ಓಡ್ತಿದೆ, ಹೋದ ವಾರ ಹೋಗಿ ಹಲ್ಲು ನೋಡ್ಕೊಂಡು ಬಂದೆ, ಸವೆದಿಲ್ಲ, ಬಿರುಕಿಲ್ಲ. ಅವತ್ತು ಫೋನ್ ಬಂದ ನಾಲ್ಕನೇ ದಿನಕ್ಕೆ ಕೂರಿಸಿ ಕೊಟ್ಟಿದ್ವಿ.

ಮಾಡಿಸೋರಿದ್ರೆ ಬೆಳಿಗ್ಗೆ ಹತ್ತರೊಳಗೆ ಹೋಗಿ, ಆಮೇಲೆ ಮೇಸ್ತ್ರಿ ಸೈಟಿಗೆ ಹೋಗಿರ್ತಾರೆ. ಮೊಬೈಲಲ್ಲಿ ಫೋಟೋ ಬೇಡ, ಒಡೆದಿರೋ ಪೀಸನ್ನೇ ತಕ್ಕಡಿಗೆ ಹಾಕಿ ತೂಕ ಬರ್ಕೊಂಡು ಹೋಗಿ. ಗಾಳಿ ಕೊಳವೆ ಎರಡು ಇಂಚಿಂದೇ ಹಾಕಿದಾರಾ ಅಂತ ಗಾಡಿಗೆ ಹೇರೋ ಮುಂಚೆ ಟೇಪ್ ಹಿಡಿದು ನೋಡ್ಕೊಳ್ಳಿ.